ಬಿಸಿಯಾದ್ರ ಚಾಲೂ ಆಗದ ಗಾಡಿ

ನಮ್ಮ ತಮ್ಮ ಕೊಟ್ರೇಶಗ ಹಟ ಅನ್ನೂದು ಹುಟ್ಟಿದಾಗಿಂದ ಐತಿ. ಒಂದು ಸ್ಕ್ರೂ ಕಳೀತಂದ್ರ ಮನಿ ಮಂದಿನ್ನೆಲ್ಲಾ ಎಬ್ಬಿಸಿ ಹುಡುಕಸಾಂವ. ಬ್ಯಾಡಗಿಯೊಳಗ ಕೋಲ್ಡ್ ಸ್ಟೋರೇಜಿನ ಮಷೀನ್ ನೋಡಿಕೊಳ್ಳೂದು ಅವನ ಕೆಲಸ. ನಾನು ಪುಷ್ಪಲತಾ, ಅವನ ಅಕ್ಕ, ನನ್ನ ರಾಣೇಬೆನ್ನೂರಿಗೆ ಕೊಟ್ಟಾರ. ಬಾಯಿ ಜೋರು ನಂದು, ಎರಡೂ ಮನಿಯವರಿಗೆ ಗೊತ್ತಿದ್ದ ಮಾತದು, ಮುಚ್ಚಿಡೂದೇನಿಲ್ಲ.

ಕೊಟ್ರೇಶ ಒಂದು ಹಳೇ ಪೆಟ್ರೋಲ್ ಕಾರು ತಗೊಂಡು, ಅದಕ್ಕ ಸೂಪರ್‌ಚಾರ್ಜರ್ ಕೂಡಿಸಿದ. ಹಂಗಂದ್ರೇನಪಾ ಅಂತ ಕೇಳಿದ್ದಕ್ಕ, ‘ಎಂಜಿನ್ ತಾನಾಗೇ ಎಳಕೊಳ್ಳೂದಕ್ಕಿಂತ ಜಾಸ್ತಿ ಗಾಳಿ ಒತ್ತಿ ತುಂಬೂ ಯಂತ್ರ ಅಕ್ಕಾ’ ಅಂದ. ಜಾಸ್ತಿ ಗಾಳಿಗೆ ಜಾಸ್ತಿ ಪೆಟ್ರೋಲ್ ಬೇಕು, ಅದನ್ನ ಅಳತಿ ಮಾಡಿ ಬಿಡಾಕ ಒಂದು ಬ್ಯಾರೆ ಕಂಪ್ಯೂಟರ್ ಡಬ್ಬಿನೂ ಹಾಕಿದ. ಹಬ್ಬ ಇಲ್ಲ, ಹುಣ್ಣಿವಿ ಇಲ್ಲ, ರಜಾ ಸಿಕ್ತಂದ್ರ ಗಾಡಿ ಕೆಳಗ ಮಲಗಿರ್ತಿದ್ದ. ಕಡೀಕೆ ಗಾಡಿ ಓಡಿತು, ಓಡಿತಂದ್ರ ಎಂಥಾ ಓಟ! ನಾನಂತೂ ಸೀಟು ಗಟ್ಟಿ ಹಿಡಕೊಂಡು ಶಿವಾ ಶಿವಾ ಅಂದೆ.

ಆದ್ರ ಒಂದು ರೋಗ ಇತ್ತು. ತಣ್ಣಗಿದ್ದಾಗ ಚಾವಿ ತಿರುವಿದ ಕೂಡ್ಲೆ ಚಾಲೂ. ದೂರ ಓಡಿಸಿ, ನಿಲ್ಲಿಸಿ, ಒಂದು ಚಹಾ ಕುಡಿದು ಬಂದ್ರಂತೂ ಮುಗೀತು, ಸೆಲ್ಫ್ ಹೊಡದ್ರ ಗರ್ ಗರ್ ಅಂತಿತ್ತೇ ಹೊರತು ಎಂಜಿನ್ ಎದ್ದೇಳ್ತಿರಲಿಲ್ಲ. ಬಾನೆಟ್ ತಗದು ತಣ್ಣಗಾಗಾಕ ಬಿಟ್ರ ಮತ್ತ ಚಾಲೂ. ಹಾವೇರಿಯ ಕಲ್ಯಾಣಮಂಟಪದ ಮುಂದ, ನಮ್ಮವ್ವ ಸೋಮವ್ವ ಇಳಕಲ್ ಸೀರಿ ಉಟಗೊಂಡು ಗಾಡಿಯೊಳಗ ಕುಂತಿದ್ದಾಗನ ಹಿಂಗಾತು. ಬೀಗರೆಲ್ಲಾ ಸೇರಿ ಗಾಡಿ ನೂಕಿದ್ರು. ಅವ್ವನ ಮಾರಿ ಕೆಂಪಗಾತು.

‘ಈ ಗಾಡಿ ಮನ್ಯಾಗ ಇರಬಾರದು’ ಅಂದ್ಲು. ಹಾವೇರಿಯ ಜಮೀರ್ ಹಳೇ ಗಾಡಿ ತಗೊಳ್ಳಾಂವ, ಅವಗ ಫೋನ್ ಮಾಡಿಸಿದ್ಲು. ಕೊಟ್ರೇಶ ‘ಆತು ಯವ್ವಾ. ಐತವಾರದೊಳಗ ಸರಿ ಮಾಡಲಿಲ್ಲಂದ್ರ ನನ್ನ ಕೈಯಾರೆ ಚಾವಿ ಕೊಡ್ತೇನಿ’ ಅಂದ. ಮಾತು ಕೊಟ್ರ ತಪ್ಪಾಂವಲ್ಲ ಅಂವ.

ಸಲಹಾ ಕೊಡಾಕ ಮಂದಿಗೇನು ಬರ! ಒಬ್ಬಾಂವ ಬ್ಯಾಟರಿ ಬದಲಿಸು ಅಂದ, ಇನ್ನೊಬ್ಬಾಂವ ಪಂಪ್ ಬದಲಿಸು ಅಂದ. ನಮ್ಮ ಫಕ್ಕೀರಪ್ಪ ಕಾಕಾ, ‘ಬಿಸಿಗೆ ಪೆಟ್ರೋಲ್ ಪೈಪಿನ್ಯಾಗನ ಉಗಿ ಆಗಾಕತ್ತೈತಿ, ಹಸಿ ಅರಿವಿ ಸುತ್ತು’ ಅಂದ. ‘ಆ ಸೂಪರ್‌ಚಾರ್ಜರ್ ಕಿತ್ತೊಗಿ’ ಅಂತೂ ಎಲ್ಲಾರೂ ಅಂದ್ರು. ನಾನೂ ಎಲ್ಲಾ ಒಮ್ಮೆಲೇ ಮಾಡಿಬಿಡು, ಪೀಡಾ ಹೋಗಲಿ ಅಂದೆ.

‘ಹಂಗ ಮಾಡೂದಿಲ್ಲ ಅಕ್ಕಾ. ಎಲ್ಲಾ ಒಮ್ಮೆಲೇ ಬದಲಿಸಿದ್ರ ರೋಗ ಯಾವುದಿತ್ತು ಅಂತನ ಗೊತ್ತಾಗೂದಿಲ್ಲ. ಸ್ಟೋರೇಜಿನೊಳಗ ನಾವು ಒಂದು ಸಲ ಒಂದ ಮುಟ್ತೇವಿ.’

ಶನಿವಾರ ಮುಂಜಾನಿ, ತವರಿಗೆ ಬಂದಿದ್ದ ನನ್ನ ಕರಕೊಂಡು ಹೊಂಟ. ಚಾವಿ ತಿರುವಾಕ ಒಬ್ಬರು ಬೇಕಲ್ಲ. ಹಾವೇರಿ ದಾಟಿ ಅಗಡಿ ಹಾದಿಯೊಳಗ ಚೆಂದಗೆ ಬಿಸಿ ಮಾಡಿ, ಬೇವಿನ ಗಿಡದ ಕೆಳಗ ನಿಲ್ಲಿಸಿದ. ತುಸು ಹೊತ್ತು ಬಿಟ್ಟು ‘ಹೊಡಿ ಅಕ್ಕಾ’ ಅಂದ. ಗರ್ ಗರ್. ಎದ್ದೇಳಲಿಲ್ಲ. ‘ಭೇಷ್!’ ಅಂದ ಭಾಡ್ಯಾ, ರೋಗ ಕೈಗೆ ಸಿಕ್ಕಿದ್ದಕ್ಕ ಅವಗ ಖುಷಿ.

ಪ್ಲಗ್ ತಗದು ನೋಡಿದ, ಕಿಡಿ ಬರ್ತಿತ್ತು. ಪೆಟ್ರೋಲ್ ಪೈಪಿಗೆ ಒತ್ತಡ ತೋರಿಸೂ ಗೇಜ್ ಕಟ್ಟಿದ, ಮುಳ್ಳು ಇರಬೇಕಾದಲ್ಲೇ ಗಟ್ಟಿ ನಿಂತಿತ್ತು. ಅಂದ್ರ ಪೆಟ್ರೋಲ್ ಬರಾಕತ್ತೈತಿ, ಕಾಕಾನ ಉಗಿ ಮಾತು ಬಿತ್ತು. ಪ್ಲಗ್ ಮೂಸಿ ನೋಡಿ, ‘ಇದು ಹಸದು ಕುಂತಿಲ್ಲ ಅಕ್ಕಾ, ಹೊಟ್ಟಿ ಬಿರಿಯೂವಂಗ ಕುಡದೈತಿ’ ಅಂದ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿ, ಆಗ ಕಂಪ್ಯೂಟರ್ ಪೆಟ್ರೋಲ್ ಬಂದ್ ಮಾಡ್ತೈತಿ ಅಂತ ಹೇಳಿಕೊಟ್ಟ. ಒತ್ತಿ ಹೊಡದೆ. ಕರಿ ಹೊಗಿ ಉಗುಳಿ ಎಂಜಿನ್ ಎದ್ದಿತು!

ನಾನು ಚಪ್ಪಾಳಿ ಹೊಡದ್ರ ಅಂವ ಮತ್ತ ಆರಿಸಿದ. ಜಾಸ್ತಿ ಪೆಟ್ರೋಲ್ ಯಾಕ ಬಿಡ್ತೈತಿ ಅನ್ನೂದು ಗೊತ್ತಾಗಬೇಕಲ್ಲ. ಫೋನಿಗೆ ಆ ಕಂಪ್ಯೂಟರ್ ಡಬ್ಬಿ ಜೋಡಿಸಿಕೊಂಡು ಕಣ್ಣು ಕೀಳದ ಕುಂತ. ಎಂಜಿನ್ ಮುಟ್ಟಿದ್ರ ಕೈ ಸುಡ್ತಿತ್ತು. ಫೋನಿನೊಳಗ ಬಿಸಿ ತೋರಿಸೂ ಅಂಕಿ ಒಮ್ಮೆಲೇ ಸೊನ್ನಿಗಿಂತ ನಲವತ್ತು ಕೆಳಗ ಇಳೀತು. ಕೊಟ್ರೇಶ ಬಿದ್ದು ಬಿದ್ದು ನಕ್ಕ. ‘ನಮ್ಮ ಸ್ಟೋರೇಜಿನ್ಯಾಗೂ ಇಷ್ಟು ಥಂಡಿ ಇಲ್ಲಕ್ಕಾ! ಎಂಜಿನ್ ಹೆಪ್ಪುಗಟ್ಟೈತಿ ಅಂತ ತಿಳಕೊಂಡು ಈ ಡಬ್ಬಿ ಪೆಟ್ರೋಲ್ ಸುರಿಯಾಕತ್ತೈತಿ. ಥಂಡಿ ಎಂಜಿನ್ನಿಗೆ ಜಾಸ್ತಿ ಬೇಕಲ್ಲ.’

ಬಿಸಿ ಅಳಿಯೂ ಸೆನ್ಸರಿನ ವೈರು ಎಲ್ಲೋ ಬಿಡಾಕತ್ತಿತ್ತು. ಆ ವೈರು ಸಿಗಿಸೂ ಕನೆಕ್ಟರ್ ಬಿಚ್ಚಿದ. ಒಳಗ ಕೆಂಪಗ, ಜಿಡ್ಡು ಜಿಡ್ಡು. ಮೂಗಿನ ಹತ್ರ ಒಯ್ದೆ ನೋಡ್ರಿ, ಸೀನಿ ಸೀನಿ ಸಾಕಾತು. ಖಾರ! ಎಣ್ಣಿಯೊಳಗ ಅರದ ಮೆಣಸಿನಕಾಯಿ!

ಇಲಿ ವೈರು ಕಡೀಬಾರದಂತ ನಮ್ಮ ಕಡೆ ಖಾರ ಹಚ್ಚೂದುಂಟು. ನಮ್ಮವ್ವ ಅಂತೂ ನೀರಿನ ಪಂಪಿಗೆ, ಫ್ರಿಜ್ಜಿನ ವೈರಿಗೆ, ಯಾವುದನ್ನೂ ಬಿಟ್ಟಾಕಿ ಅಲ್ಲ. ಆ ಎಣ್ಣಿ ಒಳಗ ಇಳದು ರಬ್ಬರ್ ಉಬ್ಬಿಸಿತ್ತು. ಓಡುವಾಗ ಗಾಳಿ ಬಡೀತಿತ್ತು, ಹೆಂಗೋ ತಡೀತಿತ್ತು. ನಿಂತ ಮ್ಯಾಲೆ ಬಾನೆಟ್ಟಿನ ಒಳಗ ಬಿಸಿ ಏರಿ ಕನೆಕ್ಟರ್ ಸಡ್ಲ ಆಗ್ತಿತ್ತು.

ನನಗ ಎಲ್ಲಿತ್ತೋ ಸಿಟ್ಟು! ‘ನಡಿ, ಈಗಿಂದೀಗ ಹೇಳ್ತೇನಿ ಅವ್ವಗ! ತಾನ ಕೆಡಿಸಿ ತಾನ ಮಾರಸಾಕ ಹೊಂಟಾಳ!’

‘ಬ್ಯಾಡಕ್ಕಾ, ಆಕಿ ಮನಸ್ಸಿಗೆ ಹಚ್ಚಿಕೊಳ್ತಾಳ. ಗಪ್ ಇರು’ ಅಂತ ನನ್ನಿಂದ ಭಾಷಿ ತಗೊಂಡ. ಹಾವೇರಿಯೊಳಗ ಹೊಸ ಕನೆಕ್ಟರ್ ತಗೊಂಡು ಹಾಕಿದ, ಬಿಸಿ ಗಾಡಿ ಚಾಲೂ ಆತು. ಅಷ್ಟಕ್ಕ ಬಿಡ್ಲಿಲ್ಲ. ತಿರುಗಿ ಹಳೇದನ್ನ ಹಾಕಿ, ಕೆಟ್ಟಿದ್ದನ್ನ ಖಾತ್ರಿ ಮಾಡಿಕೊಂಡು, ಮತ್ತ ಹೊಸಾದು ಹಾಕಿ ಇನ್ನ ಎಣ್ಣಿ ಒಳಗ ಇಳೀಬಾರದಂತ ಮ್ಯಾಲೆ ಟೇಪ್ ಬಿಗದು ಸುತ್ತಿದ.

ಐತವಾರ ಜಮೀರ್ ಬಂದ. ‘ಹತ್ರಿ ಜಮೀರಣ್ಣ, ಹಾವೇರಿ ತನಕ ಹೋಗೂಣು. ಚಾಲೂ ಆಗಲಿಲ್ಲಂದ್ರ ಅಲ್ಲೇ ಚಾವಿ ನಿಮ್ದು’ ಅಂದ ಕೊಟ್ರೇಶ. ನಾನೂ ಅವ್ವನೂ ಹಿಂದ ಕುಂತ್ವಿ. ಅದ ಕಲ್ಯಾಣಮಂಟಪದ ಮುಂದನ ನಿಲ್ಲಿಸಿದ, ಬಾನೆಟ್ ತಗೀಲಿಲ್ಲ. ಚಹಾ ಕುಡಿದ್ವಿ. ಆಮ್ಯಾಲೆ ಅವ್ವನ್ನ ಡ್ರೈವರ್ ಸೀಟಿಗೆ ಕೂಡಿಸಿ, ‘ನೀನ ತಿರುವು ಯವ್ವಾ’ ಅಂದ.

ತಿರುವಿದ್ಲು. ಒಂದ ಸಲಕ್ಕ ಎದ್ದಿತು.

‘ಇದನ್ನ ನಾ ಒಯ್ಯೂದಿಲ್ಲ ಬಿಡ್ರಿ ಅವ್ವಾರ’ ಅಂತ ಜಮೀರ್ ನಕ್ಕ. ಅವ್ವನ ಮಾರಿ ಅರಳಿತು. ‘ಸಂಜಿಕೆ ಬಾನೆಟ್ ತಗದಿಡು ಕೊಟ್ರ್ಯಾ, ಖಾರ ಹಚ್ಚತೇನಿ. ಇಲಿ ಭಾಳ ಆಗ್ಯಾವು’ ಅಂದ್ಲು.

‘ಹಚ್ಚಬ್ಯಾಡಬೇ! ಅದ ಖಾರದಿಂದನ ಗಾಡಿ ಕೆಟ್ಟಿತ್ತು!’ ಭಾಷಿ ಗೀಷಿ ಎಲ್ಲಾ ಹಾರಿಹೋತು, ನನ್ನ ಬಾಯಿ ನಿಲ್ಲಲಿಲ್ಲ.

ಅವ್ವ ಚಾವಿ ಮ್ಯಾಲಿನ ಕೈ ತಗದ್ಲು. ‘ನಾನಾ? ನಾನ ಕೆಡಿಸಿದ್ನಾ?’

ಕೊಟ್ರೇಶ ಆಕಿ ಮಗ್ಗಲಕ ಕುಕ್ಕರಗಾಲಿಲೆ ಕುಂತ. ‘ಹೋಗ್ಲಿ ಬಿಡಬೇ. ಆದ್ರ ಮಾರಿಬಿಡು ಅಂತಿದ್ದಿ, ಮತ್ತ ಯಾಕ ಹಚ್ಚಿದಿ?’

‘ಸಿಟ್ಟು ಗಾಡಿ ಮ್ಯಾಲೆಪಾ. ನೀ ಹಗಲೆಲ್ಲಾ ದುಡಿದು ಕೂಡಿಸಿದ್ದನ್ನ ಇಲಿ ತಿನ್ನೂದನ್ನ ನೋಡ್ಕೊಂತ ಕುಂದರ್ಲೇನು? ಇವತ್ತ ಇವರು ಒಯ್ತಾರ ಅಂತ ಗೊತ್ತಿದ್ರೂ ನಿನ್ನೆ ಸಂಜಿಕೂ ಹಚ್ಚೇನಿ.’

ಕೊಟ್ರೇಶ ಆಕಿ ತೊಡಿ ಮ್ಯಾಲೆ ಹಣಿ ಇಟ್ಟ. ಎಂಜಿನ್ ಚಾಲೂನ ಇತ್ತು, ಯಾರೂ ಆರಿಸಲಿಲ್ಲ. ನನಗೂ ಅಳು ತಡೀಲಿಲ್ಲ, ಖರೇ ಹೇಳ್ತೇನಿ.