ಕೂಡಿಸದೆ ಬಿಟ್ಟ ಗೆರೆ

ಮೌಸ್ ಹಿಡಿದ ಕೂಡಲೇ ಉಸಿರು ಬಿಗಿಹಿಡಿಯುವ ಮನುಷ್ಯರನ್ನು ನಾನು ಕಂಡದ್ದು ಒಬ್ಬರನ್ನೇ. ಪೇಂಟರ್ ದಸ್ತಗೀರ್ ಸಾಹೇಬರು ಪರದೆಯ ಮೇಲೆ ಚಿತ್ರ ಬಿಡಿಸಲು ಕೂತರೆ, ಎಡಗೈಯಿಂದ ಬಲ ಮಣಿಕಟ್ಟನ್ನು ಅದುಮಿ ಹಿಡಿದು, ಒಂದು ಗೆರೆ ಮುಗಿಯುವವರೆಗೂ ಉಸಿರಾಡುತ್ತಿರಲಿಲ್ಲ. ಆಮೇಲೆ ‘ಹಾ...’ ಎಂದು ಬಿಟ್ಟ ಉಸಿರಿಗೆ ನನ್ನ ಮೇಜಿನ ಕಾಗದಗಳು ಹಾರುತ್ತಿದ್ದವು. ನಾನು ಗೊಣಗುತ್ತಾ ಹೆಕ್ಕಿಕೊಳ್ಳುತ್ತಿದ್ದೆ.

ನಾನಾಗ ದಾವಣಗೆರೆಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್. ಸಾಹೇಬರು ಹರಿಹರದವರು, ಎರಡೂ ಊರಿನ ಅಂಗಡಿಗಳಿಗೆ ಬಣ್ಣದ ಬೋರ್ಡು ಬರೆದು ಹೆಸರು ಮಾಡಿದವರು. ಕೈ ನಡುಗಲು ಶುರುವಾದ ಮೇಲೆ ಬ್ರಷ್ಷು ಕೆಳಗಿಟ್ಟಿದ್ದರು. ಒಂದು ಬೆಳಿಗ್ಗೆ ಯಾವುದೋ ಕೆಲಸಕ್ಕೆ ಬಂದವರು ನನ್ನ ಬೆನ್ನ ಹಿಂದೆ ನಿಂತು, ನಾನು ಪೆನ್ ಟೂಲಿನಲ್ಲಿ ಒಂದೊಂದೇ ಚುಕ್ಕಿಯಿಟ್ಟು ಗೆರೆ ಬಾಗಿಸುವುದನ್ನು ನೋಡುತ್ತಿದ್ದರು.

“ಬೇಟಿ, ಕೈ ನಡುಗಿದ್ರೆ ಗೆರೆ ಏನಾಕ್ಕೈತೆ?”

“ಏನೂ ಆಗಲ್ರಿ ಸಾಹೇಬ್ರೆ. ಚುಕ್ಕಿ ಆಮ್ಯಾಲೆ ಸರಿಸಬೋದು. ನಡುವಿನ ಗೆರೆ ತಾನೇ ನುಣ್ಣಗೆ ಬರ್ತೈತೆ.”

“ಅರೆ! ಇದು ನಿಮ್ಮ ಮನಿ ಮುಂದಿನ ರಂಗೋಲಿ ಅಲ್ಲೇನವಾ?” ಎಂದವರೇ ಸ್ಟೂಲ್ ಎಳೆದುಕೊಂಡು ಕೂತುಬಿಟ್ಟರು. ಮಾರನೇ ದಿನದಿಂದ ಹರಿಹರದ ಬಸ್ಸಿಳಿದು ನೇರ ನನ್ನ ಮೇಜಿಗೇ ಬಂದರು. ಮಾಲೀಕರು ಬೇಡವೆನ್ನಲಿಲ್ಲ.

ಕಲಿಸಿದವಳು ನಾನು, ಬೈಸಿಕೊಂಡವಳೂ ನಾನೇ. ನನ್ನ ಕಂಪ್ಯೂಟರಿನಲ್ಲಿ ರೆಡಿಮೇಡ್ ಹೂವು, ನವಿಲು, ನಕ್ಷತ್ರಗಳ ದೊಡ್ಡ ಫೋಲ್ಡರ್ ಇತ್ತು. ಸೋಮಾರಿತನಕ್ಕೆ ಮದ್ದುಂಟೇ? ಒಂದೇ ಬೀದಿಯ ಎರಡು ಮಿರ್ಚಿ ಅಂಗಡಿಗಳಿಗೆ ಒಂದೇ ಮೆಣಸಿನಕಾಯಿ ಹಾಕಿ ಕೊಟ್ಟಿದ್ದೆ. ಇಬ್ಬರೂ ಒಟ್ಟಿಗೇ ಬಂದು ನನ್ನ ಮೇಲೆ ಎಗರಾಡಿದರು. ಸಾಹೇಬರು ಇಬ್ಬರನ್ನೂ “ಕೂಡ್ರಿ, ಚಾ ಕುಡೀರಿ” ಎಂದು ಕೂರಿಸಿ, ಒಬ್ಬರಿಗೆ ಹೊಟ್ಟೆ ಉಬ್ಬಿದ ಮೆಣಸಿನಕಾಯಿ, ಇನ್ನೊಬ್ಬರಿಗೆ ಸೊಂಟ ತಿರುವಿದ್ದು ಬರೆದರು. ಒಂದೊಂದಕ್ಕೆ ಐದಾರು ಚುಕ್ಕಿ, ಅಷ್ಟೇ. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, “ಆ ಫೋಲ್ಡರಿನಾಗೆ ಇರೋದು ಊರ ಎಂಜಲು ಬೇಟಿ. ಸೊಟ್ಟಗಾದ್ರೂ ಆಗ್ಲಿ, ನಿಂದು ಅಂತ ಒಂದು ಗೆರೆ ಎಳಿ” ಎಂದರು. ಫೋಲ್ಡರ್ ಅವತ್ತೇ ಅಳಿಸಿದೆ.

ಅವರದೂ ಒಂದು ಕಾಟವಿತ್ತು. ಎಷ್ಟೇ ಚೆಂದ ಬರೆದರೂ ಕೊನೆಯ ಚುಕ್ಕಿಯನ್ನು ಮೊದಲ ಚುಕ್ಕಿಗೆ ಕೂಡಿಸುತ್ತಿರಲಿಲ್ಲ. ಕೂದಲೆಳೆಯಷ್ಟು ಬಾಯಿ ಬಿಟ್ಟೇ ಎದ್ದುಬಿಡುವರು. ನಮ್ಮ ಸಾಫ್ಟ್‌ವೇರಿನಲ್ಲಿ ಗೆರೆ ಕೂಡದಿದ್ದರೆ ಆಕಾರದೊಳಗೆ ಬಣ್ಣ ತುಂಬುವುದಿಲ್ಲ. ಮರೆವು ಅಂದುಕೊಂಡು ಒಂದು ಸಲ ನಾನೇ ಕೂಡಿಸಿ ಪ್ರಿಂಟಿಗೆ ಕಳಿಸಿದೆ. ಸಾಹೇಬರು ಅವತ್ತು ಚಹಾ ಮುಟ್ಟಲಿಲ್ಲ.

“ಬೋರ್ಡು ಬರಿಯೋನು ಕೊನೇ ಗೆರೆ ಮಾಲಕರ ಮುಂದೆ ಎಳೀಬೇಕು. ನಮ್ಮ ಉಸ್ತಾದರು ಹಾಕಿಕೊಟ್ಟ ರೂಢಿ,” ಎಂದರು ಸಂಜೆ. “ಅವರು ನಿಂತು ನೋಡಿದ ಮ್ಯಾಲೆ ಅದು ಅವರದು. ಅಲ್ಲಿತನಕ ನಂದೇ.”

ಆಮೇಲೆ ಗಿರಾಕಿಗಳನ್ನು ಕರೆಸಿಯೇ ಕೂಡಿಸತೊಡಗಿದೆವು. ಸಾಹೇಬರು ಉಸಿರು ಹಿಡಿದು ಒಂದು ಕ್ಲಿಕ್ ಮಾಡುವರು, ಆಕಾರದ ತುಂಬ ಬಣ್ಣ ಒಮ್ಮೆಲೇ ಹರಿಯುವುದು. ಬಳೆ ಅಂಗಡಿಯ ಹೆಂಗಸೊಬ್ಬಳು “ಅಯ್ ನಮ್ಮವ್ವಾ!” ಎಂದು ಚಪ್ಪಾಳೆಯನ್ನೇ ತಟ್ಟಿದ್ದಳು.

ಎಸ್.ಎಸ್. ಬಡಾವಣೆಯಲ್ಲಿ ನನ್ನದೇ ಅಂಗಡಿ ತೆರೆಯುತ್ತೇನೆಂದಾಗ ನನಗಿಂತ ಹೆಚ್ಚು ಹಿಗ್ಗಿದವರು ಅವರೇ. “ನಿನ್ನ ಬೋರ್ಡಿಗೆ ನಮ್ಮ ಹೊಳಿ ಕೊಕ್ಕರೆ ಬರೀತೀನಿ” ಎಂದರು. ಅಷ್ಟರಲ್ಲಿ ನಡುಕ ಎರಡೂ ಕೈಗೆ ಹಬ್ಬಿತ್ತು. ಬೆಳಿಗ್ಗೆಯೆಲ್ಲ ಕೂತರೆ ಒಂದು ಚುಕ್ಕಿ. ನೆಟ್ಟಿನಿಂದ ಬೇರೆ ಯಾವುದಾದರೂ ಹಕ್ಕಿ ಇಳಿಸಿಕೋ ಎಂದು ಮನೆಯವರು ರೇಗಿದರು. ನಾನು ಜಗ್ಗಲಿಲ್ಲ. ನನ್ನ ಬಾಗಿಲ ಮೇಲೆ ಅವರ ಗೆರೆಯೇ ಬೇಕಿತ್ತು.

ಕೊಕ್ಕರೆಯ ಕೊಕ್ಕಿನ ತುದಿಯೊಂದು ಉಳಿದಾಗ ಸಾಹೇಬರು ಬರುವುದು ನಿಂತಿತು. ಲ್ಯಾಪ್‌ಟಾಪ್ ಹಿಡಿದು ನಾನೇ ಹರಿಹರಕ್ಕೆ ಹೋದೆ. ಮಂಚದ ಮೇಲೆ ಒರಗಿದ್ದವರು ಪರದೆ ಕಂಡು ನಕ್ಕರು.

“ಮಾಲಕಿ ಬಂದೀನಿ ನೋಡ್ರಿ. ಕೂಡಿಸ್ರಿ.”

ಮೌಸ್ ಹಿಡಿದರು. ಉಸಿರು ಬಿಗಿಹಿಡಿದರು. ಮೂರು ಸಲ ಯತ್ನಿಸಿದರೂ ಮೌಸ್ ಕೈಜಾರಿತು. ನಾನು ಅವರ ಕೈ ಹಿಡಿಯಹೋದೆ.

“ಬ್ಯಾಡ ಬೇಟಿ. ಅಂಗಡಿ ತೆಗಿಯೋ ದಿನ ಬರ್ತೀನಿ. ಅಲ್ಲೇ, ನಿನ್ನ ಮುಂದೇ ಕೂಡಿಸ್ತೀನಿ.”

ಅಂಗಡಿ ತೆರೆಯಲು ನಾಲ್ಕು ದಿನವಿರುವಾಗ ಸಾಹೇಬರು ಹೋಗಿಬಿಟ್ಟರು. ಆ ವಾರ ಎಷ್ಟೋ ಸಲ ಫೈಲ್ ತೆರೆದು ಕೂತೆ. ಒಂದೇ ಒಂದು ಕ್ಲಿಕ್ಕು, ಅಷ್ಟೇ. ಒತ್ತಲಾಗಲಿಲ್ಲ, ಅತ್ತುಬಿಟ್ಟೆ. ಕೊನೆಗೆ ಹಾಗೆಯೇ ಪ್ರಿಂಟಿಗೆ ಕೊಟ್ಟೆ. ಬಣ್ಣವಿಲ್ಲದ ಬರೀ ಗೆರೆಯ ಕೊಕ್ಕರೆ ಇವತ್ತಿಗೂ ನನ್ನ ಬಾಗಿಲ ಮೇಲೆ ನಿಂತಿದೆ.

ಗಿರಾಕಿಗಳು ತಲೆಯೆತ್ತಿ ನೋಡುತ್ತಾರೆ. “ಮೇಡಂ, ಕೊಕ್ಕಿನ ಹತ್ರ ಗೆರೆ ಕೂಡಿಲ್ಲ ನೋಡ್ರಿ. ನಿಮ್ಮ ಬೋರ್ಡೇ ಹಿಂಗಾದ್ರೆ ಹೆಂಗೆ?”

“ನಂದಲ್ರಿ ಅದು,” ಅನ್ನುತ್ತೇನೆ. “ಇನ್ನೂ ಸಾಹೇಬ್ರದೇ.”