ಅಕ್ಕನ ಏಳು 'ರೀ'ಗಳು

ನನ್ನ ಭಾವ ಒಂದು ವಿಮಾ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವರು. ಲೋಕದ ಮುಕ್ಕಾಲು ಪಾಲು ಕಂಪ್ಯೂಟರ್‌ಗಳಲ್ಲಿ ಇರುವ ಆ ಆಪರೇಟಿಂಗ್ ಸಿಸ್ಟಂ ಅಂದರೆ ಅವರಿಗೆ ಮೊದಲೆಲ್ಲ ಪ್ರಾಣ. ಅದನ್ನು ಯಾರಾದರೂ ಆಡಿಕೊಂಡರೆ, "ನಮ್ಮ ಅನ್ನ ಕಣ್ರೀ ಅದು" ಎಂದು ಮೇಲೆ ಬೀಳುತ್ತಿದ್ದರು. ಪುಕ್ಕಟೆ ಸಿಗುವ ಬೇರೆ ಸಿಸ್ಟಂ ಹಾಕಿಕೊಂಡವರನ್ನು ಕಂಡರೆ ಮೂಗು ಮುರಿಯುತ್ತಿದ್ದರು.

ಬರುಬರುತ್ತಾ ಅವರೇ ಗೊಣಗತೊಡಗಿದರು. ನಿನ್ನೆ ಇದ್ದ ಬಟನ್ ಇವತ್ತು ಆ ಜಾಗದಲ್ಲಿಲ್ಲ. ಕೆಲಸ ಮಾಡುವ ಪರದೆಯ ಮೇಲೆ ಜಾಹೀರಾತು. ಅರ್ಧ ಪತ್ರ ಟೈಪ್ ಮಾಡಿರುವಾಗ ಹೇಳದೆ ಕೇಳದೆ ಅಪ್‌ಡೇಟ್. "ಇದಕ್ಕೆ ನಾನು ಯಜಮಾನನೋ, ನನಗೆ ಇದೋ?" ಎಂದು ಊಟದ ಮೇಜು ಕುಟ್ಟುತ್ತಿದ್ದರು. ನಾನು ನಗುತ್ತಿದ್ದೆ. ನನಗೇನು ಗೊತ್ತಿತ್ತು, ಅದು ಒಂದು ದಿನ ಅಕ್ಕನ ಮಾತಿಗೇ ಕಲ್ಲು ಹಾಕುತ್ತದೆ ಅಂತ!

ಅಕ್ಕನಿಗೆ ಆರು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ದನಿ ಹೋಯಿತು. ಹೋಗುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಭಾವ ಹದಿನೈದು ದಿನ ರಜೆ ಹಾಕಿ, ಅವಳ ದಿನಬಳಕೆಯ ಮುನ್ನೂರು ಮಾತುಗಳನ್ನು ಅವಳದೇ ದನಿಯಲ್ಲಿ ರೆಕಾರ್ಡ್ ಮಾಡಿಕೊಂಡು, ಕೀಲಿ ಒತ್ತಿದರೆ ಲ್ಯಾಪ್‌ಟಾಪ್ ಅದನ್ನು ಆಡುವಂತೆ ಒಂದು ಪ್ರೋಗ್ರಾಂ ಬರೆದರು. ಅದರಲ್ಲಿ 'ರೀ' ಒಂದೇ ಏಳು ಬಗೆ: ಕರೆಯುವ ರೀ, ರೇಗುವ ರೀ, ಏನೋ ಕೇಳುವುದಿದೆ ಎನ್ನುವ ರಾಗದ ರೀ... ಉಳಿದವು ನನ್ನ ಮುಂದೆ ಒತ್ತುವಂಥವಲ್ಲ, ಬಿಡಿ.

ಕಳೆದ ತಿಂಗಳು ಒಂದು ಅಪ್‌ಡೇಟ್ ಆಯಿತು. ಪ್ರೋಗ್ರಾಂ ತೆರೆಯಲಿಲ್ಲ. ರೆಕಾರ್ಡಿಂಗ್ ಇದ್ದ ಫೋಲ್ಡರ್ ಖಾಲಿ. ಬದಲಿಗೆ ಸಿಸ್ಟಂ ತನ್ನದೇ ಒಂದು ಹೆಣ್ಣುದನಿ ಕೊಟ್ಟಿತು. ಅಕ್ಕ 'ರೀ' ಎಂದು ಟೈಪ್ ಮಾಡಿದಳು. ಬಸ್ ನಿಲ್ದಾಣದಲ್ಲಿ ಪ್ರಕಟಣೆ ಓದುವವಳಂತೆ ಅದು "ರೀ" ಅಂದಿತು. ಅಕ್ಕ ಲ್ಯಾಪ್‌ಟಾಪ್ ಮುಚ್ಚಿಬಿಟ್ಟಳು. ಒಂಬತ್ತು ದಿನ ಮುಟ್ಟಲಿಲ್ಲ. ಬೇಕಾದ್ದನ್ನು ಚೀಟಿಯಲ್ಲಿ ಬರೆದು ತೋರಿಸಿದಳು.

"ಇನ್ನೊಂದು ಕಾಪಿ ಇಟ್ಟಿರ್ತೀರಲ್ಲ ಭಾವ?" ಅಂದೆ.

ಅವರು ತಲೆ ತಗ್ಗಿಸಿದರು. "ಇಡ್ಬೇಕು ಇಡ್ಬೇಕು ಅಂತಾನೇ..."

ನನಗೆ ಪಿತ್ತ ನೆತ್ತಿಗೇರಿತು. "ಆಫೀಸಲ್ಲಿ ಇನ್ನೂರು ಜನಕ್ಕೆ ಎರಡೆರಡು ಕಡೆ ಇಟ್ಕೊಳ್ಳಿ ಅಂತ ಪಾಠ ಹೇಳ್ತೀರಿ! ಹೆಂಡ್ತಿ ದನೀನ ಒಂದೇ ಕಡೆ ಇಟ್ರಾ? ನಾಚ್ಕೆ ಆಗ್ಬೇಕು ನಿಮ್ಗೆ."

"ಬೈಯಮ್ಮ, ಬೈಯಿ," ಅಂದರು. ಕಣ್ಣು ಕೆಂಪಾಗಿತ್ತು.

ಭಾನುವಾರ ಬೆಳಿಗ್ಗೆ ನಾನು ಹೋದಾಗ ಅವರು ಆ ಪುಕ್ಕಟೆ ಸಿಸ್ಟಮನ್ನೇ ಒಂದು ಪೆನ್‌ಡ್ರೈವ್‌ಗೆ ಹಾಕಿ, ಲ್ಯಾಪ್‌ಟಾಪನ್ನು ಅದರಿಂದ ಶುರು ಮಾಡಿಕೊಂಡು ಕೂತಿದ್ದರು. ಹಳೆಯ ಸಿಸ್ಟಂ ಬೀಗ ಹಾಕಿ ಬಚ್ಚಿಟ್ಟಿದ್ದ ಫೋಲ್ಡರ್‌ಗಳನ್ನೆಲ್ಲ ಇದು ತೆರೆದು ತೋರಿಸುತ್ತಿತ್ತು. ಹನ್ನೊಂದು ಗಂಟೆಗೆ ಭಾವ ಕೂಗಿದರು: "ಸಿಕ್ತು! ಮುನ್ನೂರೂ ಇದೆ!" ನನಗೆ ಹೋದ ಜೀವ ಬಂದಂತಾಯಿತು. ಮೊದಲು ಮೂರು ಕಡೆ ಕಾಪಿ ಮಾಡಿಸಿದೆ. ಒಂದನ್ನು ನನ್ನ ಚೀಲಕ್ಕೇ ಹಾಕಿಕೊಂಡೆ, ಇವರನ್ನು ಇನ್ನು ನಂಬುವವರು ಯಾರು? ಆಮೇಲೆ ಅವರು ಹಳೆಯ ಸಿಸ್ಟಮನ್ನು ಪೂರ್ತಿ ಅಳಿಸಿ, ಹೊಸದಕ್ಕೆ ಹೊಂದುವಂತೆ ಪ್ರೋಗ್ರಾಂ ತಿದ್ದುವಷ್ಟರಲ್ಲಿ ಸಂಜೆ ನಾಲ್ಕಾಯಿತು.

"ತಲೆ ಮೇಲಿನ ಭಾರ ಇಳೀತು ಕಣಮ್ಮ. ಇಷ್ಟು ವರ್ಷ ಯಾಕೆ ಸಹಿಸ್ಕೊಂಡ್ನೋ!" ಎಂದು ನಕ್ಕರು. ಅವರು ಹಾಗೆ ನಕ್ಕು ಎಷ್ಟೋ ದಿನವಾಗಿತ್ತು.

ಲ್ಯಾಪ್‌ಟಾಪನ್ನು ಅಕ್ಕನ ಕೋಣೆಯಲ್ಲಿಟ್ಟು ಬಂದು ನಾವಿಬ್ಬರೂ ಹಜಾರದಲ್ಲಿ ಕೂತೆವು. ಸ್ವಲ್ಪ ಹೊತ್ತಿಗೆ ಒಳಗಿನಿಂದ "ರೀ..." ಎಂದು ಬಂತು. ಅಕ್ಕನದೇ ದನಿ. ಭಾವ ಏಳಲಿಲ್ಲ.

"ರೀ!" ಈ ಸಲ ರೇಗಿದ್ದು.

"ಕಿವಿ ಕೇಳ್ಸಲ್ವಾ ಭಾವ? ಹೋಗಿ, ಕರೀತಿದಾಳೆ," ಅಂದೆ.

"ಸುಮ್ನಿರಮ್ಮ," ಅಂದರು, ಕಣ್ಣೊರೆಸಿಕೊಳ್ಳುತ್ತಾ. "ಇನ್ನೊಂದ್ಸಲ ಕರೀಲಿ."