ಲಿಂಗ ಮುಟ್ಟಿ ಹೇಳಿದ ಸುಳ್ಳು

ಅದು ೧೯೭೪, ರೈಲ್ವೆ ಮುಷ್ಕರವಾದ ವರ್ಷ. ನಾವು ಆಗ ಭಾಂಡುಪ್‌ನ ಒಂದು ಚಾಳಿನಲ್ಲಿದ್ದೆವು. ವಿಜಾಪುರದ ಕಡೆಯವರು. ಯಜಮಾನರು ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು. ನನ್ನ ತಮ್ಮ ಸಿದ್ದಪ್ಪ, ನಮಗೆಲ್ಲ ಸಿದ್ದು, ನಮ್ಮ ಜೊತೆಗೇ ಇದ್ದು ಹತ್ತಿರದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದ. ಹಿಂದಿನ ವರ್ಷ ಅವನ ಮನಸ್ಸು ಕೆಟ್ಟಿತು. ಯಾರೂ ಇಲ್ಲದಿದ್ದರೂ ಕಿವಿಯಲ್ಲಿ ಯಾರೋ ಬೈಯುತ್ತಾರೆ ಎನ್ನುತ್ತಿದ್ದ. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಸುಧಾರಿಸಿಕೊಂಡು ಮನೆಗೆ ಬಂದ. ಕಾರ್ಖಾನೆಯ ಸೂಪರ್‌ವೈಜರ್ ಒಳ್ಳೆಯ ಮನುಷ್ಯ. ದೀಪಾವಳಿ ಮುಗಿದ ಮೇಲೆ ಕೆಲಸಕ್ಕೆ ಕಳಿಸಿ, ಅಲ್ಲಿಯವರೆಗೆ ಜಾಗ ಹಿಡಿದಿಟ್ಟಿರುತ್ತೇನೆ, ಆದರೆ ಮತ್ತೆ ಆಸ್ಪತ್ರೆ ಸೇರಿದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಹೇಳಿದ್ದ.

ಆ ಆಸ್ಪತ್ರೆಯ ಹೆಸರು ಬೇಡ. ಅಲ್ಲಿ ಗುರುವಾರ ಮಧ್ಯಾಹ್ನ ರೋಗಿಗಳ ಮನೆಯವರಿಗೆ ಒಂದು ತರಬೇತಿ ನಡೆಯುತ್ತಿತ್ತು. ಸಮಾಜ ಸೇವಕಿಯೊಬ್ಬರು ನಡೆಸುತ್ತಿದ್ದರು, ಎಲ್ಲರೂ ಅವರನ್ನು ಮರಾಠಿ ರೂಢಿಯಂತೆ ಬಾಯಿ, ಅಂದರೆ ಅಮ್ಮಾವ್ರು, ಎಂದೇ ಕರೆಯುತ್ತಿದ್ದರು. ರೋಗಿಗೆ ಸಿಟ್ಟು ಬಂದಾಗ ಹೇಗೆ ಮಾತಾಡಬೇಕು, ಮಾತ್ರೆ ತಪ್ಪದಂತೆ ಹೇಗೆ ನೋಡಿಕೊಳ್ಳಬೇಕು, ಮತ್ತೆ ಕೆಲಸಕ್ಕೆ ಹೇಗೆ ಹಚ್ಚಬೇಕು ಎಂದೆಲ್ಲ ಹೇಳಿಕೊಡುತ್ತಿದ್ದರು. ಕಲಿತವರು ಹೊಸಬರಿಗೆ ಕಲಿಸಬೇಕು ಎಂಬುದು ಅಲ್ಲಿಯ ಪದ್ಧತಿ. ನಾವು ಒಳಗೆ ಫ್ಯಾನಿನ ಕೆಳಗೆ ಕೂರುತ್ತಿದ್ದೆವು. ಯಾರ ಬಗ್ಗೆ ಇಷ್ಟೆಲ್ಲ ಮಾತೋ ಅವರು ಮಾತ್ರ ಹೊರಗೆ ಬೆಂಚಿನ ಮೇಲೆ. ಆಗ ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಮೂರು ತಿಂಗಳಲ್ಲಿ ನಾನು ಬಾಯಿಯ ಮೆಚ್ಚಿನ ಶಿಷ್ಯೆಯಾದೆ. ನಮ್ಮ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಎಷ್ಟೋ ಮಂದಿಗೆ ಮರಾಠಿ ಸರಿಯಾಗಿ ಬರುತ್ತಿರಲಿಲ್ಲ. ಅವರಿಗೆ ಕನ್ನಡದಲ್ಲಿ ಹೇಳಿಕೊಡುವ ಕೆಲಸ ನನಗೆ ಬಂತು. ಕೈಯಲ್ಲಿ ಒಂದು ನೋಟ್‌ಬುಕ್ ಹಿಡಿದು ಹೋಗುವಾಗ ನಾನು ನೆಲದ ಮೇಲೆ ಇರುತ್ತಿರಲಿಲ್ಲ.

ಅಷ್ಟರಲ್ಲಿ ಸಿದ್ದು ಮಾತ್ರೆ ಉಗುಳಲು ಶುರು ಮಾಡಿದ. ಬೈದೆ, ಬೇಡಿಕೊಂಡೆ, ಕೇಳಲಿಲ್ಲ. ಬಾಯಿಗೆ ಹೇಳಿದರೆ, "ಹೇಗಾದರೂ ಹೊಟ್ಟೆಗೆ ಹೋಗಲಿ, ಅಷ್ಟೇ" ಎಂದರು. ನಾನು ಲಟ್ಟಣಿಗೆಯಿಂದ ಮಾತ್ರೆಯನ್ನು ನುಣ್ಣಗೆ ಅರೆದು ಶೇಂಗಾ ಚಟ್ನಿಯಲ್ಲಿ ಕಲೆಸಿ ರೊಟ್ಟಿಯ ಮೇಲೆ ಹಾಕಿ ಕೊಟ್ಟೆ. ಖಾರ, ಬೆಳ್ಳುಳ್ಳಿಯಲ್ಲಿ ಕಹಿ ಮುಚ್ಚಿಹೋಗುತ್ತದೆ ಎಂದುಕೊಂಡೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು! ಬಾಯಿ ಎಲ್ಲರೆದುರು ಹೊಗಳಿದರು. ನಾಲ್ಕು ಮನೆಯವರಿಗೆ ನಾನೇ ಈ ಯುಕ್ತಿ ಕಲಿಸಿದೆ.

ಒಂದು ವಾರವಾಗಿರಬೇಕು. ಊಟಕ್ಕೆ ಕೂತವನು ತುತ್ತು ಕೈಯಲ್ಲೇ ಹಿಡಿದು ಕೇಳಿದ.

"ಅಕ್ಕಾ, ಚಟ್ನ್ಯಾಗ ಏನ ಹಾಕೀದಿ?"

"ಏನೂ ಇಲ್ಲೋ. ಶೇಂಗಾ ಸ್ವಲ್ಪ ಹೊತ್ತ್ಯಾವ."

"ಲಿಂಗಾ ಮುಟ್ಟಿ ಹೇಳು."

ನಮ್ಮಲ್ಲಿ ಕೊರಳಲ್ಲಿರುವ ಲಿಂಗ ಮುಟ್ಟಿ ಯಾರೂ ಸುಳ್ಳಾಡುವುದಿಲ್ಲ. ನಮ್ಮವ್ವ ಸಾಯುವಾಗಲೂ ಅದನ್ನೇ ಹೇಳಿ ಸತ್ತವಳು. ನಾನು ಮುಟ್ಟಿದೆ. "ಏನೂ ಹಾಕಿಲ್ಲಪಾ" ಎಂದೆ. ಅವನ ಒಳ್ಳೆಯದಕ್ಕೇ ತಾನೇ ಎಂದು ನನಗೆ ನಾನೇ ಹೇಳಿಕೊಂಡೆ. ಸಿದ್ದು ತುತ್ತನ್ನು ತಾಟಿನಲ್ಲಿಟ್ಟು ಎದ್ದುಹೋದ.

ಅಂದಿನಿಂದ ಮನೆಯಲ್ಲಿ ಮಾಡಿದ್ದನ್ನು ಮುಟ್ಟಲಿಲ್ಲ. ಸಿಪ್ಪೆ ಇರುವುದನ್ನು ಮಾತ್ರ ತಿನ್ನುತ್ತಿದ್ದ. ಬಾಳೆಹಣ್ಣು, ಮೋಸಂಬಿ, ಅದೂ ಅವನೇ ಸ್ಟೇಷನ್ ಹತ್ತಿರ ಹೋಗಿ ತಂದದ್ದು. ಹದಿನೈದು ದಿನದಲ್ಲಿ ಕೆನ್ನೆ ಒಳಗೆ ಹೋಯಿತು. ನಮ್ಮನ್ನು ಕಂಡರೆ ಗೋಡೆಗೆ ಸರಿಯುತ್ತಿದ್ದ. ದೀಪಾವಳಿಗೆ ಇನ್ನು ಹತ್ತು ದಿನ ಇದ್ದಾಗ ಅವನನ್ನು ಡಾಕ್ಟರ ಹತ್ತಿರ ಕರೆದೊಯ್ದೆವು.

"ನಮ್ಮಕ್ಕ ಊಟದಾಗ ಏನೋ ಹಾಕತಾಳ್ರಿ" ಎಂದ ಸಿದ್ದು. ಅಷ್ಟಿಷ್ಟು ಕನ್ನಡ ತಿಳಿಯುತ್ತಿದ್ದ ಬಾಯಿ ಅದನ್ನು ಡಾಕ್ಟರಿಗೆ ಹಿಂದಿಯಲ್ಲಿ ಹೇಳಿದರು.

ಡಾಕ್ಟರು ಅವನ ಕಡೆ ನೋಡಲೂ ಇಲ್ಲ. ನನ್ನನ್ನು ಕೇಳಿದರು, "ಯೇ ವಹಮ್ ಕಬ್ ಸೇ ಹೈ?"

ಈ ಭ್ರಮೆ ಯಾವಾಗಿನಿಂದ ಎಂದು! ನಾನು ಏನು ಹೇಳಬೇಕಿತ್ತು? ನಾನು ಆ ಆಸ್ಪತ್ರೆಯ ಜಾಣ ಶಿಷ್ಯೆ. ಲಿಂಗ ಮುಟ್ಟಿ ಸುಳ್ಳು ಹೇಳಿದವಳು ಎಂದು ತಮ್ಮನ ಎದುರಿಗೆ, ಯಜಮಾನರ ಎದುರಿಗೆ ಹೇಗೆ ಒಪ್ಪಿಕೊಳ್ಳಲಿ? "ಹದಿನೈದು ದಿನ ಆಯಿತು" ಎಂದೆ. ಡಾಕ್ಟರು ಬರೆದುಕೊಂಡರು. ಮತ್ತೆ ಆಸ್ಪತ್ರೆಗೆ ಭರ್ತಿ ಮಾಡಬೇಕು ಎಂದರು. ಸಿದ್ದು ನನ್ನ ಮುಖವನ್ನೇ ನೋಡುತ್ತಿದ್ದ.

ಮೂಲೆಯಲ್ಲಿ ಶೇವಂತಾಬಾಯಿ ನಿಂತಿದ್ದಳು. ಹಿಂದೆ ಅವಳೂ ಅಲ್ಲಿಯ ರೋಗಿ. ಗುಣವಾದ ಮೇಲೆ ಹೊಸ ರೋಗಿಗಳ ಜೊತೆ ಕೂತು ಮಾತಾಡಲಿ, ಧೈರ್ಯ ತುಂಬಲಿ ಎಂದು ಬಾಯಿ ಅವಳನ್ನು ಇಟ್ಟುಕೊಂಡಿದ್ದರು. ಆದರೆ ಅವಳಿಗೆ ಚಹಾ ತರುವ ಕೆಲಸವೇ ಹೆಚ್ಚು. ಅವಳು ಮುಂದೆ ಬಂದು ನನ್ನ ಕೈ ಹಿಡಿದಳು.

"ಅಹೋ, ಖರಂ ಸಾಂಗಾ. ಜೇವಣಾತ್ ಕಾಯ್ ಘಾಲತಾ?"

ನಿಜ ಹೇಳಿ, ಊಟದಲ್ಲಿ ಏನು ಹಾಕುತ್ತೀರಿ ಎಂದು ಕೇಳಿದಳು. ಇಷ್ಟು ಜನ ಓದಿದವರಿದ್ದರು, ನನ್ನ ಯುಕ್ತಿ ಗೊತ್ತಿದ್ದ ಬಾಯಿ ತುಟಿ ಬಿಚ್ಚಿರಲಿಲ್ಲ, ಉಳಿದ ಒಬ್ಬರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ನಾನು ಅಳುತ್ತ ಎಲ್ಲ ಹೇಳಿಬಿಟ್ಟೆ.

ಡಾಕ್ಟರು ನಕ್ಕರು! "ಅರೇ, ಸಬ್ ಕರತೇ ಹೈಂ" ಎಂದರು. ಎಲ್ಲರೂ ಮಾಡುತ್ತಾರಂತೆ. ಬಾಯಿ ನನ್ನ ಕಿವಿಯಲ್ಲಿ, "ಅವನ ಎದುರಿಗೆ ಹೇಳಬಾರದಿತ್ತು" ಎಂದರು. ಆ ನಗು ಕೇಳಿದಾಗ ಆದ ಸಿಟ್ಟು ನನಗೆ ಜೀವನದಲ್ಲಿ ಮತ್ತೆಂದೂ ಆಗಿಲ್ಲ. ನನ್ನ ತಮ್ಮ ಕಂಡದ್ದನ್ನು ಕಂಡ ಹಾಗೆ ಹೇಳಿದ್ದ. ಅದನ್ನೇ ಹುಚ್ಚು ಎಂದು ಬರೆದುಕೊಂಡು ಅವನನ್ನು ಒಳಗೆ ಹಾಕುವವರಿದ್ದರು, ಮತ್ತು ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಸಿದ್ದು ಕೂಗಾಡಲಿಲ್ಲ. "ಗುಳಗಿ ತಗೊಂಡ್ರ ಕೈ ನಡಗತಾವ್ರಿ. ಹಿಂಗಾದ್ರ ಕಾರ್ಖಾನ್ಯಾಗ ಪೆಟ್ಟಿಗಿ ಕಟ್ಟಾಕ ಬರೂದಿಲ್ಲ. ಅದಕ್ಕ ಉಗಳತಿದ್ದೆ. ಯಾಕ ಉಗಳತೀ ಅಂತ ಒಬ್ಬರರ ಕೇಳೀರೇನು?" ಎಂದ.

ಯಾರು ಕೇಳಿದ್ದರು? ನೋಟ್‌ಬುಕ್ಕಿನ ತುಂಬ ಬರೆದುಕೊಂಡ ನಾನೂ ಕೇಳಿರಲಿಲ್ಲ. ಡಾಕ್ಟರು ಮಾತ್ರೆ ಕಡಿಮೆ ಮಾಡಿದರು, ನಡುಕಕ್ಕೆ ಬೇರೊಂದು ಗುಳಿಗೆ ಬರೆದರು, ಭರ್ತಿಯ ಚೀಟಿ ಹರಿದರು. ಐದು ನಿಮಿಷದ ಕೆಲಸ. ಸಿದ್ದು ಅಲ್ಲೇ ಶೇವಂತಾಬಾಯಿಯ ಕೈಯಿಂದ ಗುಳಿಗೆ ಇಸಿದುಕೊಂಡು ನೀರು ಕುಡಿದ. ದೀಪಾವಳಿ ಮುಗಿದ ಮೇಲೆ ಕೆಲಸಕ್ಕೂ ಹೋದ.

ಮರುವಾರ ತರಬೇತಿಗೆ ಹೋಗಿ ನಾನು ಕಲಿಸಿದ್ದು ತಪ್ಪು, ನಿಲ್ಲಿಸಿರಿ ಎಂದು ಎಲ್ಲರಿಗೂ ಹೇಳಿದೆ. ಹೊಸಬರ ವಿಶ್ವಾಸ ಹೋಗುತ್ತದೆ ಎಂದು ಬಾಯಿ ತಡೆದರು. "ನಿಮ್ಮ ವಿಶ್ವಾಸ ಹೋದ್ರ ಹೋಗಲಿ ಬಾಯಿ, ಮನ್ಯಾಗ ಹಸಕೊಂಡು ಕುಂತಾರಲ್ಲ, ಅವರದು ಹೋಗಬಾರದು" ಎಂದು ಕೂಗಿಯೇಬಿಟ್ಟೆ. ರೋಗಿಗಳನ್ನೂ ಒಳಗೆ ಕೂಡಿಸಿ ಎಂದರೆ ಜಾಗವಿಲ್ಲ ಎಂದರು. ಸರಿ, ನಾನೇ ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಶೇವಂತಾಬಾಯಿ ಬಂದಳು. ಎರಡು ಗುರುವಾರ ಕಳೆದ ಮೇಲೆ ಅರ್ಧ ಮಂದಿ ನಮ್ಮ ಬೆಂಚಿನ ಹತ್ತಿರವೇ ಬಂದರು. ಮುಂದೆ ರಜೆ ಸಿಕ್ಕಾಗಲೆಲ್ಲ ಸಿದ್ದುವೂ ಬಂದು ಮಾತಾಡುತ್ತಿದ್ದ. ಮನೆಯವರಿಗೆ ಅವನು ಹೇಳುತ್ತಿದ್ದದ್ದು ಒಂದೇ: "ಮೊದಲ ನಮ್ಮನ್ನ ಕೇಳ್ರಿ."

ಇದು ನಡೆದು ನಾಲ್ಕು ವರ್ಷವಾಯಿತು. ಸಿದ್ದು ಈಗ ವಡಾಲದಲ್ಲಿ ಖೋಲಿ ಮಾಡಿಕೊಂಡು ತಾನೇ ಬೇಯಿಸಿಕೊಳ್ಳುತ್ತಾನೆ. ಹಬ್ಬಕ್ಕೆ ನಮ್ಮಲ್ಲಿಗೆ ಬರುತ್ತಾನೆ, ನಗುತ್ತಾನೆ, ನನ್ನ ಮಕ್ಕಳನ್ನು ಆಡಿಸುತ್ತಾನೆ. ಆದರೆ ಊಟಕ್ಕೆ ಕೂತಾಗ ನಾನು ಅವನ ತಾಟಿನಿಂದಲೇ ಒಂದು ತುತ್ತು ತಿನ್ನುವವರೆಗೂ ಸುಮ್ಮನೆ ಕಾಯುತ್ತಾನೆ. ಕಳೆದ ಯುಗಾದಿಗೆ ಬಂದ ನನ್ನ ನಾದಿನಿ ಅದನ್ನು ನೋಡಿ, "ಪಾಪ, ಇನ್ನೂ ಪೂರಾ ಆರಾಮಾಗಿಲ್ಲ ನೋಡ್ರಿ" ಎಂದಳು. ನಾನು ಅವಳ ಮೇಲೆ ಹರಿಹಾಯ್ದೆ. ಅವನು ಆರಾಮಾಗಿದ್ದಾನೆ. ಆ ಸಂಶಯವನ್ನು ಅವನಿಗೆ ನನ್ನ ಕೈಯಾರೆ ಉಣ್ಣಿಸಿದವಳು ನಾನು.